ಕಣ್ಣು ಮಾತ್ರ ಮೇಷ್ಟ್ರದು

ಮುದ್ದು ಬೆಕ್ಕು ಬಿಡಿಸುವುದು ಕಷ್ಟವೇನಲ್ಲ. ಮೊದಲು ತಲೆಗೆ ಒಂದು ದೊಡ್ಡ ಸೊನ್ನೆ. ಅದರ ಕೆಳಗೆ ಮೈಗೆ ಒಂದು ಚಿಕ್ಕ ಮೊಟ್ಟೆ. ತಲೆಯ ಮೇಲೆ ಎರಡು ತ್ರಿಕೋನ, ಮೂಗಿಗೆ ತಲೆಕೆಳಗಾದ ಒಂದು ಪುಟ್ಟ ತ್ರಿಕೋನ, ಆಚೆ ಈಚೆ ಮೀಸೆ, ಹಿಂದೊಂದು ಬಾಲ. ತಲೆ ಮೈಗಿಂತ ದೊಡ್ಡದಿರಬೇಕು, ಕಾಲು ಇದ್ದೂ ಇಲ್ಲದಂತಿರಬೇಕು. ಇಷ್ಟನ್ನು ಬೆಕ್ಕಿನ ಮೇಷ್ಟ್ರು ಯಾವ ಮಗುವಿಗಾದರೂ ಒಂದು ಸಂಜೆಯಲ್ಲಿ ಕಲಿಸಿಬಿಡುತ್ತಿದ್ದರು. ಕಣ್ಣು ಮಾತ್ರ ಅವರು ಯಾರಿಗೂ ಕಲಿಸುತ್ತಿರಲಿಲ್ಲ.

ಕ್ಲಾಸು ನಡೆಯುತ್ತಿದ್ದದ್ದು ವಸತಿ ಕಟ್ಟಡದ ನೆಲಮಹಡಿಯಲ್ಲಿ, ನೀರಿನ ಪಂಪಿಗೆ ಅಂಟಿಕೊಂಡ ಕೋಣೆಯಲ್ಲಿ. ಮುರಿದ ಕುರ್ಚಿ, ಹಳೆಯ ಬಲ್ಬು, ಯಾರೂ ಬಾರದ ಸಭೆ, ಇವುಗಳಿಗೆಂದು ನಿವಾಸಿಗಳ ಸಂಘ ಇಟ್ಟುಕೊಂಡಿದ್ದ ಜಾಗ ಅದು. ಪಂಪು ಶುರುವಾಯಿತೆಂದರೆ ಡೆಸ್ಕುಗಳೆಲ್ಲ ಗಡಗಡ ನಡುಗುತ್ತಿದ್ದವು. ಆ ಗಳಿಗೆಯಲ್ಲಿ ಮೀಸೆ ಎಳೆಯುತ್ತಿದ್ದವರ ಬೆಕ್ಕಿಗೆಲ್ಲ ಗುಂಗುರು ಮೀಸೆ. ಮೇಷ್ಟ್ರು ಅದನ್ನು ತಿದ್ದಲು ಹೋಗುತ್ತಿರಲಿಲ್ಲ. ಕಿವಿ ಸೊಟ್ಟಗಿರಲಿ, ಬಾಲ ಹೊಟ್ಟೆಯಿಂದಲೇ ಹೊರಡಲಿ, ಅವರ ಬಾಯಲ್ಲಿ ಬರುತ್ತಿದ್ದದ್ದು ಚೆನ್ನಾಗಿದೆ ಎಂಬ ಒಂದೇ ಮಾತು. ಮುಗಿಯಲು ಸ್ವಲ್ಪ ಹೊತ್ತಿದೆ ಎನ್ನುವಾಗ ಅವರು ಮೂಲೆಯ ಮೇಜಿನ ಹಿಂದೆ ಹೋಗಿ ಕೂತು, ಅಂಗಿಯ ಜೇಬಿನಿಂದ ಸಣ್ಣ ಬ್ರಷ್ಷು ತೆಗೆದು, ಕಪ್ಪು ಮಸಿಯ ಬಾಟಲಿಯ ಮುಚ್ಚಳ ತಿರುಗಿಸುವರು. ಮಕ್ಕಳಿಗೆ ಅಷ್ಟು ಸಾಕಿತ್ತು. ತಂತಮ್ಮ ಹಾಳೆ ಎತ್ತಿಕೊಂಡು ಒಬ್ಬರ ಹಿಂದೊಬ್ಬರು ಸಾಲುಗಟ್ಟುತ್ತಿದ್ದರು.

ಆಮೇಲೆ ನಡೆಯುವುದನ್ನು ನೋಡಲು ಅಮ್ಮಂದಿರು ಬಾಗಿಲಲ್ಲಿ ಬಂದು ನಿಲ್ಲುತ್ತಿದ್ದರು. ಮೇಷ್ಟ್ರು ಹಾಳೆಯನ್ನು ತಮ್ಮತ್ತ ತಿರುಗಿಸಿಕೊಂಡು, ಉಸಿರು ಬಿಗಿಹಿಡಿದು, ಬ್ರಷ್ಷಿನ ತುದಿಯಿಂದ ಎರಡು ಕಪ್ಪು ಗುಂಡು ಇಡುವರು. ಬ್ರಷ್ಷನ್ನು ಬೆರಳಲ್ಲೇ ತಿರುಗಿಸಿ, ಅದರ ಬಾಲವನ್ನು ಬಿಳಿ ಬಣ್ಣಕ್ಕೆ ಮುಟ್ಟಿಸಿ, ಗುಂಡಿನೊಳಗೆ ಒಂದೊಂದು ಚುಕ್ಕಿ. ಫೂ ಎಂದು ಊದಿ ಕೈಗೆ ಕೊಟ್ಟರೆ ಮುಗಿಯಿತು. ಅಲ್ಲಿಯ ತನಕ ಆಲೂಗಡ್ಡೆಗೆ ಕಿವಿ ಬಂದಂತಿದ್ದದ್ದು ತಟ್ಟನೆ ಬೆಕ್ಕಾಗಿ, ಎತ್ತಿಕೋ ಎಂದು ಮುಖ ನೋಡುತ್ತಿತ್ತು. ಅಮ್ಮಂದಿರು ಅಯ್ಯೋ ಮುದ್ದೇ ಎಂದು ಮಕ್ಕಳ ಕೆನ್ನೆ ಹಿಂಡಿ, ನನ್ನ ಮಗಳು ಬಿಡಿಸಿದ್ದು ಎಂದು ಊರಿಗೆಲ್ಲ ಫೋಟೋ ಕಳಿಸುತ್ತಿದ್ದರು. ಕಟ್ಟಡದ ಯಾವ ಮನೆಯ ಫ್ರಿಜ್ಜಿನ ಮೇಲೆ ನೋಡಿದರೂ ಬೆಕ್ಕುಗಳು ಬೇರೆ ಬೇರೆ, ನೋಟ ಒಂದೇ. ಯಾರ ಮನೆಯಲ್ಲಿ ಯಾರು ಕದ್ದು ತಿನ್ನುತ್ತಾರೆಂದು ನಿಮಗೆ ಗೊತ್ತಿಲ್ಲದೆ ಇರುವುದಿಲ್ಲ ಎಂದು ಮೇಷ್ಟ್ರ ಹೆಂಡತಿ ಗಂಡನನ್ನು ಕಿಚಾಯಿಸುತ್ತಿದ್ದರು.

ಹೆಂಡತಿಯ ಕುಚೋದ್ಯಕ್ಕೆ ಮೇಷ್ಟ್ರು ನಗುತ್ತಿರಲಿಲ್ಲ. ಕಣ್ಣಿನ ವಿಷಯದಲ್ಲಿ ಆಕೆ ಬಾಯಿ ಹಾಕದಿದ್ದರೇ ಒಳ್ಳೆಯದು ಎಂಬುದು ಅವರ ಅಭಿಪ್ರಾಯ, ಅದಕ್ಕೆ ಕಾರಣವೂ ಇತ್ತು. ಅವರು ಮೇಷ್ಟ್ರಾದದ್ದು ಈಚೆಗೆ. ಅದಕ್ಕೆ ಮೊದಲು ಬೊಂಬೆ ಕಾರ್ಖಾನೆಯಲ್ಲಿ ಕಣ್ಣು ಬರೆಯುತ್ತಿದ್ದವರು. ಅಲ್ಲಿ ಒಬ್ಬರು ತಲೆಗೆ ಕೂದಲು ಅಂಟಿಸಿದರೆ ಇನ್ನೊಬ್ಬರು ತುಟಿಗೆ ಕೆಂಪು ಹಚ್ಚುವರು, ಮತ್ತೊಬ್ಬರು ಕೆನ್ನೆಗೆ. ಕಣ್ಣು ಕಟ್ಟಕಡೆಗೆ. ಕಣ್ಣಿಟ್ಟ ಬೊಂಬೆ ದುರುಗುಟ್ಟಿ ನೋಡುತ್ತಿದ್ದರೆ ಅದರ ನೆತ್ತಿಗೆ ಗೋಂದು ಬಳಿಯಲು ಯಾರಿಗೂ ಕೈ ಬರುತ್ತಿರಲಿಲ್ಲ. ಹಾಗಾಗಿ ಇಡೀ ಕಾರ್ಖಾನೆಯ ಕೆಲಸ ಬಂದು ಮೇಷ್ಟ್ರ ಮೇಜಿನ ಮುಂದೆ ಕೈ ಕಟ್ಟಿ ನಿಲ್ಲುತ್ತಿತ್ತು. ಅವರಿಗೆ ಜ್ವರ ಬಂದರೆ ಮಾಲೀಕನಿಗೆ ಚಳಿ. ತುಟಿಯವರು ಬದಲಾದರು, ಕೂದಲಿನವರು ಬದಲಾದರು, ಇವರನ್ನು ಅಲ್ಲಾಡಿಸುವವರಿರಲಿಲ್ಲ.

ಆಗ ಹೆಂಡತಿಗೆ ತನ್ನ ತಮ್ಮ ಕೆಲಸವಿಲ್ಲದೆ ಬೀದಿ ಸುತ್ತುತ್ತಾನೆಂಬ ಚಿಂತೆ ಹತ್ತಿತು. ಊಟಕ್ಕೆ ಕೂತರೆ ತಮ್ಮ, ಎದ್ದರೆ ತಮ್ಮ. ಕೊನೆಗೆ ಮೇಷ್ಟ್ರು ಬಾಮೈದನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಣ್ಣು ಕಲಿಸಿದರು. ಮನಸ್ಸಿಟ್ಟು ಕಲಿಸಿದರು. ಹುಡುಗನ ಕೈ ಕುದುರಿದ ಮೇಲೆ ಅದೇ ಕಣ್ಣು ಕಡಿಮೆ ಸಂಬಳಕ್ಕೆ ಸಿಗುತ್ತದೆಂಬುದು ಮಾಲೀಕನಿಗೆ ಹೊಳೆಯಿತು. ಮೇಷ್ಟ್ರ ಕೈಗೆ ಒಂದು ಗೋಡೆ ಗಡಿಯಾರ ಕೊಟ್ಟು, ನಾಲ್ಕು ಒಳ್ಳೆಯ ಮಾತಾಡಿ, ಮನೆಗೆ ಕಳಿಸಿದ. ಬಾಮೈದ ಈಗ ಅಲ್ಲಿ ಮೇಲ್ವಿಚಾರಕ. ಅಕ್ಕನನ್ನು ನೋಡಲು ಅವನು ಬಂದಾಗಲೆಲ್ಲ ಮೇಷ್ಟ್ರಿಗೆ ತಪ್ಪದೆ ತಲೆನೋವು ಬರುತ್ತಿತ್ತು. ಕಣ್ಣು ಕಲಿಸಿದರೆ ನಿನ್ನ ಕುರ್ಚಿ ನಿನ್ನದಲ್ಲ ಎಂಬುದನ್ನು ಅವರು ಯಾರೊಂದಿಗೂ ಆಡಿದವರಲ್ಲ, ಮನಸ್ಸಿನಲ್ಲಿ ಮಾತ್ರ ಗಟ್ಟಿಯಾಗಿ ಬರೆದಿಟ್ಟುಕೊಂಡಿದ್ದರು.

ಮಕ್ಕಳು ಈ ವ್ಯವಸ್ಥೆಯನ್ನು ಒಪ್ಪಿಕೊಂಡಿದ್ದರು. ಬೆಕ್ಕು ತಮ್ಮದು, ಕಣ್ಣು ಮೇಷ್ಟ್ರದು. ಒಪ್ಪದವಳೆಂದರೆ ಹಲ್ಲಿನ ಡಾಕ್ಟರ ಮಗಳು. ಯಾವ ಮಾತನ್ನೂ ಅದು ಬಂದ ಹಾಗೆ ಹೋಗಲು ಬಿಡುತ್ತಿರಲಿಲ್ಲವಾದ್ದರಿಂದ ಎಲ್ಲರೂ ಅವಳನ್ನು ಲಾಯರಮ್ಮ ಎಂದೇ ಕರೆಯುತ್ತಿದ್ದರು. ಕಣ್ಣು ಯಾವಾಗ ಕಲಿಸುತ್ತೀರಿ ಎಂದು ಅವಳು ಕೇಳಿದಾಗ ಮೊದಲು ಕಿವಿ ಸರಿಯಾಗಲಿ ಎಂದರು. ಕಿವಿ ಸರಿಯಾಯಿತು. ಬಾಲ ಸರಿಯಾಗಲಿ ಎಂದರು. ಅದೂ ಸರಿಯಾಯಿತು. ಕಣ್ಣು ಬರೆಯುವುದಕ್ಕೆ ವಯಸ್ಸಾಗಬೇಕು ಎಂದಾಗ, ಎಷ್ಟು ವಯಸ್ಸು ಎಂದು ಅವಳು ಕೈ ಸೊಂಟದ ಮೇಲಿಟ್ಟು ಕೇಳಿದಳು. ಪುಣ್ಯಕ್ಕೆ ಆಗಲೇ ಪಂಪು ಶುರುವಾಯಿತು. ಮೇಷ್ಟ್ರು ಕಿವಿ ಕೇಳಿಸದವರಂತೆ ಆ ಕಡೆ ಹೊರಟುಹೋದರು.

ಇದ್ದಕ್ಕಿದ್ದ ಹಾಗೆ ಸಂಘದ ಕಾರ್ಯದರ್ಶಿಗೆ ಆ ಕೋಣೆಯ ಮೇಲೆ ಪ್ರೀತಿ ಉಕ್ಕಿತು. ಅವರ ಅಣ್ಣನ ಮಗಳು ಕಂಪ್ಯೂಟರಿನಲ್ಲಿ ಚಿತ್ರ ಬರೆಯುವ ಕೋರ್ಸು ಮುಗಿಸಿ ಮನೆಯಲ್ಲಿದ್ದಳು. ಕಾರ್ಯದರ್ಶಿ ಯಾರಿಗೂ ನೋವು ಮಾಡದ ಮನುಷ್ಯ. ಬೇಡವಾದವರನ್ನು ಹೊಗಳಿ ಹೊಗಳಿಯೇ ಬಾಗಿಲ ತನಕ ಬಿಟ್ಟುಬರುವವರು. ಊರಿನ ಮಕ್ಕಳ ಚಿತ್ರ ಸ್ಪರ್ಧೆ ಹತ್ತಿರ ಬಂದಿದೆ, ನಮ್ಮ ಕ್ಲಾಸಿಗೊಂದು ಬಹುಮಾನ ಬಂದರೆ ನೀವೇ ಮುಂದುವರಿಯಬಹುದು, ಬರದಿದ್ದರೆ ಸದಸ್ಯರು ಹೊಸ ಮುಖ ಕೇಳುತ್ತಾರೆ, ನನ್ನ ಕೈಯಲ್ಲೇನಿದೆ ಎಂದು ಮೇಷ್ಟ್ರ ಭುಜ ಸವರಿದರು. ಮೇಷ್ಟ್ರಿಗೆ ಹೆದರಿಕೆಯೇ ಆಗಲಿಲ್ಲ. ಸ್ಪರ್ಧೆಯ ವಿಷಯ ಮುದ್ದಿನ ಪ್ರಾಣಿ. ಹಾಳೆಗಳ ಮೇಲೆ ತಮ್ಮ ಕಣ್ಣು ಬಿದ್ದರೆ ಯಾವ ತೀರ್ಪುಗಾರರು ತಾನೇ ಕರಗುವುದಿಲ್ಲ ಎಂದು ಹೊಸ ಮಸಿ ಬಾಟಲಿ ಕೊಂಡುಬಂದರು.

ಸ್ಪರ್ಧೆಯ ದಿನ ಸಭಾಂಗಣದ ಗೇಟಿನಲ್ಲಿ ಕಾವಲುಗಾರ ಅವರನ್ನು ತಡೆದ. ಒಳಗೆ ಮಕ್ಕಳಿಗೆ ಮಾತ್ರ ಪ್ರವೇಶ; ಅಪ್ಪ ಅಮ್ಮ ಮೇಷ್ಟ್ರು ಎಲ್ಲರೂ ಆಚೆ. ಇದು ಎಲ್ಲರಿಗೂ ಗೊತ್ತಿದ್ದ ನಿಯಮವೇ. ಆದರೆ ತಾವೂ ಆ ಎಲ್ಲರಲ್ಲಿ ಸೇರಿದವರೆಂದು ಮೇಷ್ಟ್ರಿಗೆ ಹೊಳೆದಿರಲಿಲ್ಲ. ಐದೇ ನಿಮಿಷ, ಕಣ್ಣಿಟ್ಟು ಬಂದುಬಿಡುತ್ತೇನೆ ಎಂದು ಬೇಡಿಕೊಂಡರು. ಕಾವಲುಗಾರ ಅವರ ಕೈಯಲ್ಲಿದ್ದ ಬ್ರಷ್ಷು ನೋಡಿ, ಮುಖ ನೋಡಿ, ಒಂದು ಹೆಜ್ಜೆ ಹಿಂದೆ ಸರಿಯಿರಿ ಅಂದ.

ಗೇಟಿನ ಸರಳುಗಳ ಸಂದಿನಿಂದ ಸಭಾಂಗಣದ ದೊಡ್ಡ ಬಾಗಿಲು ಕಾಣುತ್ತಿತ್ತು. ಗಂಟೆ ಬಾರಿಸುವುದಕ್ಕೂ ಮುಂಚೆಯೇ ತಮ್ಮ ಕ್ಲಾಸಿನ ಮಕ್ಕಳು ಎದ್ದು, ಹಾಳೆ ಹಿಡಿದುಕೊಂಡು, ಸಾಲುಗಟ್ಟಿ ನಿಂತದ್ದು ಮೇಷ್ಟ್ರಿಗೆ ಕಂಡಿತು. ಸಾಲಿನ ತಲೆಯಲ್ಲಿ ಲಾಯರಮ್ಮ ಅತ್ತಿತ್ತ ಕತ್ತು ಚಾಚಿ ಅವರನ್ನೇ ಹುಡುಕುತ್ತಿದ್ದಳು. ಮೇಷ್ಟ್ರು ಸರಳಿನೊಳಗೆ ಕೈ ತೂರಿಸಿ ಬ್ರಷ್ಷು ಬೀಸಿದರು. ಅಷ್ಟರಲ್ಲಿ ಒಬ್ಬ ಮೇಲ್ವಿಚಾರಕಿ ಬಂದು, ಎಂಥ ಶಿಸ್ತಿನ ಮಕ್ಕಳು ಎಂದು ತಲೆ ಸವರಿ, ಒಂದೊಂದೇ ಹಾಳೆ ಕಸಿದುಕೊಂಡು ಹೋದರು. ಕಿವಿಯಿತ್ತು, ಮೀಸೆಯಿತ್ತು, ಬಾಲವಿತ್ತು. ಒಂದು ಬೆಕ್ಕಿಗೂ ಕಣ್ಣಿರಲಿಲ್ಲ.

ಮನೆಗೆ ಬಂದ ಮೇಷ್ಟ್ರು ತಲೆಯ ಮೇಲೆ ಕೈ ಹೊತ್ತು ಕೂತರು. ನೀವು ಕಣ್ಣು ಕಲಿಸಿದ್ದರೆ ಮಕ್ಕಳೇ ಇಟ್ಟುಕೊಳ್ಳುತ್ತಿದ್ದವಲ್ಲ ಎಂದು ಹೆಂಡತಿ ಅಂದರು. ಇದೇ ಮಾತನ್ನು ಬೇರೆ ಯಾರಾದರೂ ಅಂದಿದ್ದರೆ ಅಷ್ಟು ಉರಿಯುತ್ತಿರಲಿಲ್ಲವೋ ಏನೋ. ಅಕ್ಕನ ಮಾತು ಕೇಳಿ ತಮ್ಮನಿಗೆ ಕಲಿಸಿದ್ದೇ ಸಾಕಾಗಿದೆ ಎಂದು ಮೇಷ್ಟ್ರು ಸಿಡುಕಿದರು. ಅಲ್ಲಿಂದ ಒಂದು ವಾರ ಗಂಡಹೆಂಡಿರ ನಡುವೆ ಮಾತು ಅಷ್ಟಕ್ಕಷ್ಟೆ.

ಫಲಿತಾಂಶ ಬಂದ ದಿನ ಕಾರ್ಯದರ್ಶಿಯೇ ಮೆಟ್ಟಿಲು ಹತ್ತಿ ಬಂದರು. ಮೇಷ್ಟ್ರು ಕೋಣೆಯ ಬೀಗದಕೈ ತೆಗೆದು ಅಂಗೈಯಲ್ಲಿ ಇಟ್ಟುಕೊಂಡೇ ಬಾಗಿಲು ತೆರೆದರು. ಕಾರ್ಯದರ್ಶಿ ಬೀಗದಕೈಯ ಕಡೆ ನೋಡಲೇ ಇಲ್ಲ, ಮೇಷ್ಟ್ರನ್ನು ಬಾಚಿ ತಬ್ಬಿಕೊಂಡರು. ಇಡೀ ಕ್ಲಾಸಿಗೆ ಮೊದಲ ಬಹುಮಾನ ಬಂದಿತ್ತು. ತೀರ್ಪುಗಾರ್ತಿ ಕಲಾಶಾಲೆಯ ಪ್ರಾಧ್ಯಾಪಕಿ. ಪತ್ರಿಕೆಯಲ್ಲಿ ಅವರ ಮಾತನ್ನು ದಪ್ಪ ಅಕ್ಷರದಲ್ಲಿ ಹಾಕಿದ್ದರು. ದೊಡ್ಡವರ ಈ ಜಗತ್ತನ್ನು ನೋಡಲು ಈ ಮಕ್ಕಳ ಬೆಕ್ಕುಗಳು ನಿರಾಕರಿಸಿವೆ, ಮುದ್ದನ್ನು ಕೊಟ್ಟು ನೋಟವನ್ನು ಹಿಂತೆಗೆದುಕೊಂಡಿವೆ, ಇಂಥ ಧೈರ್ಯವನ್ನು ಕಲಿಸಿದ ಗುರುವಿಗೆ ನನ್ನ ನಮನ ಎಂದು ಆಕೆ ಹೇಳಿದ್ದರು. ಮೇಷ್ಟ್ರು ಎರಡು ಸಲ ಓದಿದರು. ಯಾವ ಬೆಕ್ಕು, ಯಾರು ನಿರಾಕರಿಸಿದ್ದು ಎಂಬುದು ಮೂರನೆಯ ಸಲಕ್ಕೂ ತಲೆಗೆ ಹೋಗಲಿಲ್ಲ.

ಮೇಷ್ಟ್ರು ಸುಳ್ಳುಗಾರರಲ್ಲ. ಮರುದಿನವೇ ಕಾರ್ಯದರ್ಶಿಯ ಮನೆಗೆ ಹೋಗಿ, ಇದರಲ್ಲಿ ಧೈರ್ಯ ಗೀರ್ಯ ಏನೂ ಇಲ್ಲ ಸ್ವಾಮಿ, ಕಣ್ಣು ಬರೆಯುವುದು ನಾನು, ಅವತ್ತು ನನ್ನನ್ನು ಒಳಗೆ ಬಿಡಲಿಲ್ಲ, ಅಷ್ಟೆ ಎಂದು ಒಪ್ಪಿಸಿಬಿಟ್ಟರು. ಕಾರ್ಯದರ್ಶಿಯ ಮುಖ ಅರಳಿತು. ದೊಡ್ಡವರು ಹೀಗೇ ಮಾತಾಡುವುದು, ತಮ್ಮದೇನೂ ಇಲ್ಲ ಅನ್ನುವುದೇ ದೊಡ್ಡಗುಣ ಎಂದು ಹೆಂಡತಿಯನ್ನು ಕರೆದು ತೋರಿಸಿದರು.

ಕಟ್ಟಡದಲ್ಲಿ ಎಲ್ಲರಿಗೂ ರಾತ್ರೋರಾತ್ರಿ ಕಲೆ ಅರ್ಥವಾಗಿಬಿಟ್ಟಿತ್ತು. ಕಣ್ಣಿರುವ ಬೆಕ್ಕು ಈಗ ಹಳೇ ಕಾಲದ್ದು. ಫ್ರಿಜ್ಜಿನ ಮೇಲಿನ ಬೆಕ್ಕುಗಳು ಸದ್ದಿಲ್ಲದೆ ಇಳಿದವು. ಮೇಲಿನ ಮಹಡಿಯ ಇಂಜಿನಿಯರರು ಕಟ್ಟು ಹಾಕಿಸಿದ್ದ ಮಗನ ಚಿತ್ರವನ್ನು ಹೊತ್ತು ತಂದು, ಇದರ ಕಣ್ಣು ಅಳಿಸಿಕೊಡಲು ಆಗುತ್ತದೆಯೇ ಎಂದು ಸಂಕೋಚದಿಂದ ಕೇಳಿದರು. ಮಸಿ ಅಳಿಯುವುದಿಲ್ಲ ಎಂದರು ಮೇಷ್ಟ್ರು. ಪರವಾಗಿಲ್ಲ ಎಂದು ಇಂಜಿನಿಯರರು ಅಲ್ಲೇ ಬಿಳಿ ಕಾಗದ ಹರಿದು, ಎರಡು ಚೂರು ಮಾಡಿ, ಕಣ್ಣಿನ ಮೇಲೆ ಅಂಟಿಸಿಕೊಂಡು ಹೊರಟರು. ಜೀವಮಾನದಲ್ಲಿ ಮೇಷ್ಟ್ರು ಮಾಡಲು ಬಲ್ಲ ಕೆಲಸ ಕಣ್ಣು ಬರೆಯುವುದೊಂದೇ ಆಗಿತ್ತು.

ಕ್ಲಾಸಿಗೆ ಬರುವ ಮಕ್ಕಳು ಇಮ್ಮಡಿಯಾದರು. ಕಾರ್ಯದರ್ಶಿ ಕೋಣೆಗೆ ಸುಣ್ಣ ಹೊಡೆಸಿ, ಹೊಸ ಡೆಸ್ಕು ತರಿಸಿ, ಇನ್ನು ಮುಂದೆ ಕಣ್ಣು ಇಡಕೂಡದು ಎಂದು ಮೇಷ್ಟ್ರಿಗೆ ಸೂಚನೆ ಕೊಟ್ಟರು. ಸಂಜೆ ಮೂಲೆಯ ಮೇಜಿನ ಹಿಂದೆ ಕೂರುವ ಕೆಲಸ ಉಳಿಯಲಿಲ್ಲ. ಅಭ್ಯಾಸಬಲದಿಂದ ಸಾಲು ನಿಂತ ಹಳೆಯ ಮಕ್ಕಳನ್ನು ಮೇಷ್ಟ್ರು ಸ್ಪರ್ಧೆಯ ಚಿತ್ರಗಳು ವಾಪಸು ಬರಲಿ, ಆಮೇಲೆ ಎಲ್ಲಕ್ಕೂ ಒಟ್ಟಿಗೇ ಕಣ್ಣು ಎಂದು ಸಾಗಹಾಕುತ್ತಿದ್ದರು. ಬಹುಮಾನ ವಿತರಣೆ ಹತ್ತಿರ ಬಂದಾಗ ಕಾರ್ಯದರ್ಶಿ ಅವರನ್ನು ಕೂರಿಸಿಕೊಂಡು, ಚಹಾ ತರಿಸಿ, ಬಹುಮಾನದ ದಿನ ವೇದಿಕೆಯ ಮೇಲೆ ನಿಮಗೆ ಸನ್ಮಾನ ಇಟ್ಟುಕೊಂಡಿದ್ದೇವೆ ಎಂದರು. ಮೇಷ್ಟ್ರು ಚಹಾದ ಲೋಟವನ್ನೇ ನೋಡಿದರು. ಗೋಡೆ ಗಡಿಯಾರ ಕೊಟ್ಟ ದಿನವೂ ಕಾರ್ಖಾನೆಯ ಮಾಲೀಕ ಹೀಗೇ ಚಹಾ ತರಿಸಿದ್ದ.

"ಮುಂದಿನ ತಿಂಗಳಿಂದ ನಮ್ಮಣ್ಣನ ಮಗಳು ಕ್ಲಾಸು ನೋಡ್ಕೋತಾಳೆ. ಕಣ್ಣಿಲ್ಲದ ಬೆಕ್ಕಿಗೆ ನೀವೇ ಯಾಕೆ ಬೇಕು ಹೇಳಿ ಮೇಷ್ಟ್ರೇ? ಸೊನ್ನೆ ಹಾಕೋದು, ಕಿವಿ ಇಡೋದು. ನೀವೂ ಸ್ವಲ್ಪ ಆರಾಮಾಗಿರಿ" ಎಂದರು ಕಾರ್ಯದರ್ಶಿ.

ಕಲಿಸಿದ್ದಕ್ಕೆ ಒಂದು ಸಲ ಕುರ್ಚಿ ಹೋಗಿತ್ತು, ಈಗ ಕಲಿಸದೇ ಇದ್ದದ್ದಕ್ಕೆ ಹೋಗುತ್ತಿತ್ತು. ಇನ್ನು ಹೇಗಿದ್ದರೆ ಉಳಿಯುತ್ತಿತ್ತು ಎಂದು ಮೇಷ್ಟ್ರು ದಾರಿಯುದ್ದಕ್ಕೂ ಯೋಚಿಸಿದರು, ಏನೂ ತೋಚಲಿಲ್ಲ.

ಬಹುಮಾನದ ದಿನ ಸಭಾಂಗಣ ತುಂಬಿತ್ತು. ಪಕ್ಕದ ಗೋಡೆಯುದ್ದಕ್ಕೂ ಹಗ್ಗ ಕಟ್ಟಿ, ಬೆಕ್ಕುಗಳನ್ನು ಒಗೆದ ಬಟ್ಟೆಯಂತೆ ಕ್ಲಿಪ್ಪು ಹಾಕಿ ನೇತುಬಿಟ್ಟಿದ್ದರು. ವೇದಿಕೆಯ ಮೇಲೆ ಜಾಗ ಸಾಲದೆ ಸನ್ಮಾನಿತರಿಗೆ ಅದೇ ಗೋಡೆಯ ಬಳಿ ಒಂದು ಮೇಜು, ಒಂದು ಕುರ್ಚಿ ಹಾಕಿತ್ತು. ಹೆಸರು ಕೂಗಿದಾಗ ಮೇಲೆ ಹತ್ತಿದರೆ ಸಾಕು. ಮೇಷ್ಟ್ರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕೂತಿದ್ದರು. ಹೆಂಡತಿ ಹತ್ತಿರದ ಸಾಲಿನ ತುದಿಯಲ್ಲಿ, ಮಾತು ಪೂರ್ತಿ ಸರಿಹೋಗಿರದಿದ್ದರೂ ಒಳ್ಳೆಯ ಸೀರೆ ಉಟ್ಟು ಬಂದಿದ್ದರು. ಮೈಕಿನ ಮುಂದೆ ಪ್ರಾಧ್ಯಾಪಕಿ ಮಾತು ಶುರು ಮಾಡಿದರು. ಒಳ್ಳೆಯ ಹೆಂಗಸು, ಹೇಳುವುದನ್ನೆಲ್ಲ ಮನಸಾರೆ ನಂಬಿ ಹೇಳುತ್ತಿದ್ದರು. ನೋಡಲು ಒಲ್ಲೆ ಎನ್ನುವ ಹಕ್ಕಿನ ಬಗ್ಗೆ ಅವರು ಹೇಳುತ್ತಿದ್ದಾಗ ಹಿಂದಿನ ಸಾಲಿನಲ್ಲಿ ಮಕ್ಕಳು ಎದ್ದರು.

ಸ್ಪರ್ಧೆಯ ದಿನದಿಂದೀಚೆಗೆ ಅವರು ತಮ್ಮ ಚಿತ್ರಗಳನ್ನು ನೋಡಿದ್ದು ಇದೇ ಮೊದಲು. ಬಹುಮಾನ, ನಿರಾಕರಣೆ ಇವೆಲ್ಲ ದೊಡ್ಡವರ ವ್ಯವಹಾರ. ಅವರಿಗೆ ಕಂಡದ್ದು ಇಷ್ಟೆ: ಬೆಕ್ಕು ಅರ್ಧ ಆಗಿ ನೇತಾಡುತ್ತಿದೆ, ಮೇಷ್ಟ್ರು ಮೇಜಿನ ಹಿಂದೆ ಕೂತಿದ್ದಾರೆ. ಒಬ್ಬೊಬ್ಬರೇ ಹೋಗಿ ಹಗ್ಗದಿಂದ ತಂತಮ್ಮ ಹಾಳೆ ಬಿಡಿಸಿಕೊಂಡು, ಗದ್ದಲವಿಲ್ಲದೆ ಮೇಜಿನ ಮುಂದೆ ಸಾಲುಗಟ್ಟಿದರು. ಮುಂದೆ ಲಾಯರಮ್ಮ. ಅವಳು ತನ್ನ ಹಾಳೆಯನ್ನು ಮೇಜಿನ ಮೇಲಿಟ್ಟು ಮೇಷ್ಟ್ರತ್ತ ತಿರುಗಿಸಿದಳು.

"ಕಣ್ಣು ಮೇಷ್ಟ್ರೇ" ಅಂದಳು.

ಮೇಷ್ಟ್ರ ಕೈ ಅವರನ್ನು ಕೇಳದೆಯೇ ಜೇಬಿಗೆ ಹೋಗಿ ಬ್ರಷ್ಷು ಹಿಡಿದಿತ್ತು. ವೇದಿಕೆಯ ಮೇಲಿಂದ ಕಾರ್ಯದರ್ಶಿ ಬೇಡ ಬೇಡ ಎಂದು ಹುಬ್ಬಿನಲ್ಲೇ ಹೇಳುತ್ತಿದ್ದರು. ಕಣ್ಣಿಟ್ಟರೆ ಬಹುಮಾನ ಮಣ್ಣುಪಾಲು, ತಮ್ಮ ಹೆಸರೂ ಅದರ ಜೊತೆಗೆ. ಇಡದಿದ್ದರೆ ಈ ಮಕ್ಕಳ ಮುಖ ನೋಡುವುದು ಹೇಗೆ? ಕಷ್ಟ ಬಂದಾಗ ಮೇಷ್ಟ್ರಿಗೆ ಧೈರ್ಯ ಬರುತ್ತಿರಲಿಲ್ಲ, ಉಪಾಯ ಬರುತ್ತಿತ್ತು. ತಾನು ಇಟ್ಟರೆ ತಾನೇ ತಪ್ಪು ತನ್ನದಾಗುವುದು? ಚಿತ್ರ ಬರೆದ ಮಗುವೇ ಇಟ್ಟುಕೊಂಡರೆ ಯಾರು ಯಾರನ್ನು ಕೇಳುತ್ತಾರೆ? ಅವರು ಬ್ರಷ್ಷನ್ನು ಲಾಯರಮ್ಮನ ಕೈಗೆ ಕೊಟ್ಟು, ಅಭ್ಯಾಸಬಲದಿಂದ ಜೇಬಿನಲ್ಲಿಟ್ಟು ತಂದಿದ್ದ ಮಸಿ ಬಾಟಲಿಯನ್ನೂ ಬಿಳಿ ಬಣ್ಣವನ್ನೂ ಮೇಜಿನ ಅಂಚಿಗೆ ಇಟ್ಟು, ಬಾಗಿ, ಅವಳ ಕಿವಿಯಲ್ಲಿ ಪಿಸುಗುಟ್ಟಿದರು.

"ಮುಖದ ನಡುವೆ ಅಲ್ಲ, ಕೆಳಗೆ, ಮೂಗಿನ ನೇರಕ್ಕೆ. ಎರಡರ ಮಧ್ಯೆ ಇನ್ನೊಂದು ಕಣ್ಣು ಕೂರೋಷ್ಟು ಜಾಗ ಬಿಡು. ಬಿಳಿ ಚುಕ್ಕಿ ಬ್ರಷ್ಷಿನ ಬಾಲದಲ್ಲಿ ಇಡು. ಎರಡೂ ಕಣ್ಣಿಗೆ ಒಂದೇ ಪಕ್ಕಕ್ಕೆ."

ಹೇಳಿ ಮುಗಿಸಿದ ಮೇಲೆ ಇನ್ನೂ ಏನೋ ಇರಬೇಕೆಂದು ಮೇಷ್ಟ್ರು ನೆನಪು ಮಾಡಿಕೊಳ್ಳಲು ನೋಡಿದರು. ಏನೂ ಇರಲಿಲ್ಲ. ಬಾಮೈದನ ಮುಖ ನೋಡದೆ ಇದ್ದದ್ದು, ಮಕ್ಕಳಿಂದ ಬಚ್ಚಿಟ್ಟದ್ದು, ಹೆಂಡತಿಯ ಮೇಲೆ ಹರಿಹಾಯ್ದದ್ದು ಈ ನಾಲ್ಕು ಮಾತಿಗೆ. ಅವರಿಗೆ ನಾಚಿಕೆಯಾಯಿತು. ಲಾಯರಮ್ಮ ಅಷ್ಟರಲ್ಲಿ ನಾಲಿಗೆ ಹೊರಗೆ ಚಾಚಿಕೊಂಡು ಎರಡು ಗುಂಡು ಇಟ್ಟು, ಬ್ರಷ್ಷು ತಿರುಗಿಸಿ ಚುಕ್ಕಿಯನ್ನೂ ಇಟ್ಟಾಗಿತ್ತು. ಒಂದು ಕಣ್ಣು ಚೂರು ಮೇಲಿತ್ತು. ಅವಳ ಬೆಕ್ಕು ಮುದ್ದಾಗಿಯೇ ಇತ್ತು, ಆದರೆ ನೀವು ಹೇಳಿದ್ದನ್ನು ನಾನು ನಂಬಿಲ್ಲ ಎಂಬಂತೆ ನೋಡುತ್ತಿತ್ತು. ಇಂಥ ನೋಟವನ್ನು ಮೇಷ್ಟ್ರು ಯಾವತ್ತೂ ಬರೆದಿರಲಿಲ್ಲ. ತಿದ್ದಲು ಕೈ ತುರಿಸಿತು, ಆದರೆ ಬ್ರಷ್ಷು ಅವರ ಕೈಯಲ್ಲಿರಲಿಲ್ಲ.

ಫೂ ಎಂದು ಊದಿ ಲಾಯರಮ್ಮ ಹಾಳೆಯನ್ನು ಎತ್ತಿ ಹಿಡಿದಳು. ಸಾಲಿನಲ್ಲಿ ಒಂದು ಗುಜುಗುಜು ಓಡಿತು. ಅವಳ ಹಿಂದಿದ್ದ ಅವಳಿ ಅಕ್ಕತಂಗಿಯರು ತಮ್ಮ ಹಾಳೆಗಳನ್ನು ಮೇಜಿನ ಮೇಲಿಟ್ಟರು. ಮೇಷ್ಟ್ರ ಕಡೆಗಲ್ಲ, ಅವಳ ಕಡೆಗೆ. ಲಾಯರಮ್ಮ ಹಾಳೆಯನ್ನು ತನ್ನತ್ತ ತಿರುಗಿಸಿಕೊಂಡು, ಉಸಿರು ಬಿಗಿಹಿಡಿದು, ಬಾಗಿದಳು. ಇಡೀ ಸಾಲು ನೀರಿನಂತೆ ಸದ್ದಿಲ್ಲದೆ ಮೇಜಿನ ಆ ಬದಿಗೆ ಹರಿದುಹೋಯಿತು. ಮೇಷ್ಟ್ರ ಮುಂದೆ ಖಾಲಿ ನೆಲ. ಯಾವುದಕ್ಕೆ ಹೆದರಿ ಹೆದರಿ ಇಷ್ಟು ಕಾಲ ಬದುಕಿದ್ದರೋ ಅದು ಅವರ ಕಣ್ಣೆದುರೇ ಆಗಿಹೋಯಿತು.

ಅವರಿಗೆ ಹೊಟ್ಟೆಕಿಚ್ಚಾಯಿತು. ಒಂದು ಗೇಣಿನ ಹುಡುಗಿಯ ಮೇಲೆ ಹೊಟ್ಟೆಕಿಚ್ಚಾಗುವುದು ಮರ್ಯಾದೆಯಲ್ಲವೆಂದು ಗೊತ್ತಿದ್ದೂ ಆಯಿತು. ಆದರೂ ದೊಡ್ಡವರಂತೆ ಗಂಟಲು ಸರಿಪಡಿಸಿಕೊಂಡು, ಅವರ ಕಣ್ಣು ಅವರೇ ಬರೆಯಲಿ, ಹೇಗೆಂದು ನೀನು ಹೇಳಿಕೊಡು ಎಂದರು. ಲಾಯರಮ್ಮ ತಲೆ ಎತ್ತದೆಯೇ ಉತ್ತರ ಕೊಟ್ಟಳು.

"ಹೇಳ್ಕೊಟ್ರೆ ಆಮೇಲೆ ನನ್ನ ಹತ್ರ ಯಾರು ಬರ್ತಾರೆ?"

ಈ ಮಾತನ್ನು ಮೇಷ್ಟ್ರು ಹೆಂಡತಿಯ ಮುಂದೆಯೂ ಆಡಿದವರಲ್ಲ. ತಮಗೆ ಅರ್ಧ ಆಯುಷ್ಯ ಹಿಡಿದ ಬುದ್ಧಿ ಈ ಮಗುವಿಗೆ ಒಂದು ಜೊತೆ ಕಣ್ಣು ಬರೆಯುವಷ್ಟರಲ್ಲಿ ಬಂದಿತ್ತು. ಹತ್ತಿರದ ಕುರ್ಚಿಯಲ್ಲಿ ಕೂತಿದ್ದ ಹೆಂಡತಿಗೂ ಅದು ಕೇಳಿಸಿತ್ತು. ಆಕೆ ಮಗುವನ್ನು ನೋಡಲಿಲ್ಲ, ಗಂಡನನ್ನು ನೋಡಿದರು. ನಗಲಿಲ್ಲ, ಕಿಚಾಯಿಸಲಿಲ್ಲ. ಆ ನೋಟವನ್ನು ತಡೆದುಕೊಳ್ಳಲಾಗದೆ ಮೇಷ್ಟ್ರು ಕುರ್ಚಿ ಬಿಟ್ಟು ಎದ್ದರು.

ಎದ್ದವರು ವೇದಿಕೆಗೆ ಹೋಗಲಿಲ್ಲ, ಬಾಗಿಲಿಗೂ ಹೋಗಲಿಲ್ಲ. ಇಸ್ತ್ರಿ ಅಂಗಿಯ ಚಿಂತೆ ಬಿಟ್ಟು ಗೋಡೆಯ ಬುಡದಲ್ಲಿ ನೆಲದ ಮೇಲೆ ಚಕ್ಕಳಬಕ್ಕಳ ಹಾಕಿ ಕೂತು, ಸಾಲಿನ ಕೊನೆಯಲ್ಲಿದ್ದ ಗುಂಗುರು ಮೀಸೆ ಬೆಕ್ಕಿನವಳನ್ನು ಕೈ ಬೀಸಿ ಕರೆದರು. ಅವಳ ಚೀಲದಿಂದ ಒಂದು ಕಪ್ಪು ಪೆನ್ನು ತೆಗೆಸಿದರು.

"ಬನ್ನಿ ಇಲ್ಲಿ ಎಲ್ಲಾರೂ. ಅಲ್ಲಿ ಬರೆಸ್ಕೊಂಡ್ರೆ ಅವಳ ಕಣ್ಣು. ಇಲ್ಲಿ ಬಂದ್ರೆ ನಿಮ್ಮ ಕಣ್ಣು ನೀವೇ ಬರೀಬಹುದು, ನಾನು ಹೇಳ್ಕೊಡ್ತೀನಿ."

ತ್ಯಾಗದಿಂದ ಹೇಳಿದ ಮಾತಲ್ಲ ಅದು. ಆ ಹುಡುಗಿಯ ಅಂಗಡಿ ಮುಚ್ಚಿಸಬೇಕೆಂಬ ಹಟವೇ ಅದರಲ್ಲಿ ಹೆಚ್ಚಾಗಿತ್ತು. ಸಾಲು ಮುರಿದು ಮಕ್ಕಳು ಅವರ ಸುತ್ತ ಕುಕ್ಕರುಬಡಿದು ಕೂತಾಗ, ಮೇಜಿನ ಬಳಿ ಬ್ರಷ್ಷು ಹಿಡಿದುಕೊಂಡು ಒಬ್ಬಳೇ ಉಳಿದ ಲಾಯರಮ್ಮನ ಮುಖ ಬಾಡಿದ್ದನ್ನು ಕಂಡು ಮೇಷ್ಟ್ರಿಗೆ ಖುಷಿಯೇ ಆಯಿತು. ಆಮೇಲೆ ಅದು ಮರೆತುಹೋಯಿತು. ಮೂಗಿನ ನೇರಕ್ಕೆ ಎಂದು ಒಬ್ಬಳಿಗೆ ಹೇಳುತ್ತ, ಒತ್ತಬೇಡ ಎಂದು ಇನ್ನೊಬ್ಬಳ ಮಣಿಕಟ್ಟು ಹಿಡಿಯುತ್ತ, ಅವರಿಗೆ ಸಭೆಯ ಪರಿವೆಯೇ ಹೋಯಿತು. ಸ್ವಲ್ಪ ಹೊತ್ತಿಗೆ ಲಾಯರಮ್ಮನೂ ಬಂದು ಅವಳಿಗಳ ನಡುವೆ ತೂರಿಕೊಂಡು, ಅವರಿಗೆ ಗೊತ್ತಿಲ್ಲದ್ದನ್ನು ತಾನೇ ಮುಂದಾಗಿ ಹೇಳತೊಡಗಿದಳು. ಬೆಕ್ಕುಗಳು ಒಂದೊಂದಾಗಿ ಕಣ್ಣು ಬಿಟ್ಟವು. ಒಂದು ಬೆದರಿತ್ತು. ಒಂದಕ್ಕೆ ನಿದ್ದೆ. ಒಂದಂತೂ ಒಂದು ಕಣ್ಣಲ್ಲಿ ಬಾಗಿಲನ್ನೂ ಇನ್ನೊಂದರಲ್ಲಿ ಚಾವಣಿಯನ್ನೂ ನೋಡುತ್ತಿತ್ತು.

ಪ್ರಾಧ್ಯಾಪಕಿ ಭಾಷಣ ಮುಗಿಸಿ, ಬನ್ನಿ, ಈಗ ಆ ಬೆಕ್ಕುಗಳ ಮುಂದೆ ನಿಲ್ಲೋಣ ಎಂದು ಸಭೆಯನ್ನು ಕರೆದುಕೊಂಡು ಗೋಡೆಯ ಬಳಿ ಬಂದರು. ಹಗ್ಗದ ಮೇಲೆ ಬರೀ ಕ್ಲಿಪ್ಪುಗಳಿದ್ದವು. ನೆಲದ ಮೇಲೆ ಒಣಗಲು ಹರವಿದ್ದ ಹಾಳೆಗಳಿಂದ ಒಂದು ಹಿಂಡು ಬೆಕ್ಕು ತಲೆಯೆತ್ತಿ ಆಕೆಯನ್ನು ದಿಟ್ಟಿಸುತ್ತಿತ್ತು. ಆಕೆ ಆ ಬಾಗಿಲುಚಾವಣಿ ಬೆಕ್ಕಿನ ಮುಂದೆ ನಿಂತು, ಅದು ತನ್ನನ್ನು ನೋಡುತ್ತಿದೆಯೋ ಇಲ್ಲವೋ ತಿಳಿಯದೆ ಒಮ್ಮೆ ಆಚೆ ಒಮ್ಮೆ ಈಚೆ ಸರಿದು ನೋಡಿದರು. ಕಾರ್ಯದರ್ಶಿಗೆ ಮೊದಲ ಸಲ ಹೊಗಳಿಕೆ ಹೊರಡಲಿಲ್ಲ. ಇದನ್ನು ಮಾಡಿದ್ದು ಯಾರು ಎಂದು ಬೆವರೊರೆಸಿಕೊಳ್ಳುತ್ತ ಕೇಳಿದರು.

ಮೇಷ್ಟ್ರು ಮಂಡಿಯ ಮೇಲೆ ಕೈಯೂರಿ ಎದ್ದರು. ಆ ಮಕ್ಕಳಲ್ಲಿ ಇನ್ನು ಯಾರಿಗೂ ಅವರು ಬೇಕಾಗಿರಲಿಲ್ಲ, ಅದು ಅವರಿಗೆ ಗೊತ್ತಿತ್ತು. ಮುಂದಿನ ತಿಂಗಳು ಕ್ಲಾಸೂ ಇರುವುದಿಲ್ಲ, ಅದೂ ಗೊತ್ತಿತ್ತು. ನನಗೇನೂ ಗೊತ್ತಿಲ್ಲ, ಮಕ್ಕಳು ತಾವೇ ಮಾಡಿಕೊಂಡರು ಎಂದು ಕೈ ತೊಳೆದುಕೊಳ್ಳಲು ಮೊದಲೇ ಉಪಾಯ ಮಾಡಿಟ್ಟಿದ್ದರಲ್ಲ, ಆ ಮಾತು ನಾಲಿಗೆಯ ತುದಿಗೆ ಬಂತು. ಅದನ್ನು ನುಂಗಿಕೊಂಡರು.

"ಅವರೇ ಬರೆದದ್ದು ಸಾರ್" ಎಂದರು. "ನಾನು ಕಲಿಸಿದೆ."